ಅವ್ವನ ಮೀನುಗಳು ಮತ್ತು ಬಿರುಕುಬಿಟ್ಟ ಹೀಟರು

ಇವತ್ತು ಬೆಳಿಗ್ಗೆ ಚಹಾದ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಕೆಳಗಿನ ಮನೆಯಿಂದ ಸುಟ್ಟ ವೈರಿನ ವಾಸನೆ ಬಂತು. ಓಡಿ ಮೆಟ್ಟಿಲಿಳಿದವನು ಮೊದಲು ಮೆಟ್ಟಿಲ ಬುಡದಲ್ಲಿದ್ದ ಅವರ ಮೇನ್ ಸ್ವಿಚ್ಚು ಆರಿಸಿ, ಆಮೇಲೆ ಬಾಗಿಲು ತಟ್ಟಿದೆ. ಗೀಸರಿನ ಪ್ಲಗ್ಗು ಕರಗಿ ಗೋಡೆಗೆ ಅಂಟಿಕೊಂಡಿತ್ತು. "ಪ್ರೊಫೆಸರ್ ಸಾಹೇಬ್, ಆಪ್ ತೋ ಇಂಜಿನಿಯರ್ ನಿಕಲೇ!" ಎಂದು ಮನೆಯಾತ ಕೈಮುಗಿದ. ನಾನು ಇಂಜಿನಿಯರಂತೆ! ನನಗೆ ನಗು ಬಂತು. ನಾನು ತತ್ತ್ವಶಾಸ್ತ್ರದ ಮೇಷ್ಟ್ರು. ಎದುರಿಗಿರುವ ಮಡಕೆ ನಿಜವಾಗಿ ಇದೆಯೋ ಇಲ್ಲವೋ ಎಂದು ವರ್ಷಗಟ್ಟಲೆ ಹುಡುಗರ ತಲೆ ತಿಂದವನು. ಕರೆಂಟು ಮಾತ್ರ ಇದ್ದೇ ಇದೆ ಎಂಬ ಜ್ಞಾನ ನನಗೆ ಬಂದದ್ದು ಯಾವ ಗುರುವಿನಿಂದಲೂ ಅಲ್ಲ, ನಮ್ಮವ್ವನ ಮೀನುಗಳಿಂದ. ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಗದಗಿನಿಂದ ಇಲ್ಲಿಗೆ, ಕಾಶಿಯ ಜಂಗಮವಾಡಿ ಗಲ್ಲಿಯ ಈ ಬಾಡಿಗೆ ಮನೆಗೆ ಕರೆತಂದೆವು. ಕಾಶಿವಾಸ ಸಿಕ್ಕಿತೆಂದು ಊರವರೆಲ್ಲ ಅವಳನ್ನು ಹೊಗಳಿದರು. ಮೊದಮೊದಲು ಅವಳೂ ಹಿಗ್ಗಿದಳು. ಆಮೇಲೆ ಮಾತಿಗೆ ಜನರಿಲ್ಲದೆ ಒಣಗತೊಡಗಿದಳು. ನಾನೂ, ವೈದ್ಯೆಯಾದ ನನ್ನ ಹೆಂಡತಿ ಗಿರಿಜೆಯೂ ಬೆಳಿಗ್ಗೆ ಹೊರಟರೆ ಮನೆ ಸೇರುವುದು ಸಂಜೆಗೆ. ಮಗಳು ಗೌರಿ ಇಲ್ಲೇ ಹುಟ್ಟಿ ಬೆಳೆದವಳು. ಅಜ್ಜಿ "ಉಂಡೇನವಾ?" ಎಂದರೆ "ಹಾಂ ದಾದಿ, ಖಾ ಲಿಯಾ" ಎಂದು ಹಿಂದಿಯಲ್ಲೇ ಉತ್ತರಿಸುತ್ತಿದ್ದಳು. ಅವ್ವ ಅರ್ಥವಾದವಳಂತೆ ತಲೆಯಾಡಿಸುತ್ತಿದ್ದಳು. ನಮ್ಮ ಗಲ್ಲಿಯ ಜಂಗಮವಾಡಿ ಮಠದ ಬಾಗಿಲಿಗೆ ಹೋಗಿ ಕನ್ನಡದ ಯಾತ್ರಿಕರನ್ನು ತಡೆದು, "ಯಾವೂರ್ರೀ? ಮಳಿ ಹ್ಯಾಂಗ?" ಎಂದು ಕೇಳುತ್ತಿದ್ದಳು. ಪಾಪ, ಅವರಿಗೆ ರೈಲಿನ ಚಿಂತೆ.

ಅಂಥ ದಿನಗಳಲ್ಲಿ ಗೌರಿಯ ಹಟಕ್ಕೆ ಮಣಿದು ಗೋದೌಲಿಯಾ ಪೇಟೆಯ ಅಂಗಡಿಯಿಂದ ಮೀನಿನ ತೊಟ್ಟಿ ತಂದೆ. ಸೈಕಲ್ ರಿಕ್ಷಾದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಅರ್ಧ ನೀರು ನನ್ನ ಪ್ಯಾಂಟಿನಲ್ಲಿತ್ತು. ಅವ್ವ ಮೂಗು ಮುರಿದಳು. "ಲಿಂಗಾ ಕಟ್ಟಿದವ್ರ ಮನ್ಯಾಗ ಮೀನೇನೋ?"

"ತಿನ್ನಾಕ ಅಲ್ಲಬೇ, ನೋಡಾಕ."

ನೋಡುತ್ತ ನೋಡುತ್ತ ಮಾತು ಶುರುವಾಯಿತು. ಕಪ್ಪು ಗೆರೆಗಳ ಏಂಜೆಲ್ ಮೀನಿಗೆ "ಪಟ್ಟಿಸೀರೀಕಿ" ಎಂದು ಹೆಸರಾಯಿತು. "ಏ ಪಟ್ಟಿಸೀರೀಕಿ, ಎಲ್ಲಾ ನೀನಽ ನುಂಗಿದ್ರ ಆ ಸಣ್ಣಾಕಿ ಏನ್ ತಿನ್ನಬೇಕು?" ಹೀಗೆ ಬೈಗುಳ, ಸೊಸೆಯ ರೊಟ್ಟಿ ದಪ್ಪವಾದ ಸುದ್ದಿ, ಗದಗಿನ ಓಣಿಯ ಪುರಾಣ, ಎಲ್ಲವನ್ನೂ ಮೀನುಗಳು ಬಾಯಿ ತೆರೆದು ಮುಚ್ಚಿ ಕೇಳುತ್ತಿದ್ದವು. ಗೌರಿ ಪಕ್ಕದಲ್ಲಿ ಕೂತು ಶಾಲೆಯ ಪಾಠ ಬರೆಯುತ್ತಿದ್ದಳು. ಅವಳ ಕಿವಿಯ ಕಡೆ ನಮ್ಮ ಯಾರ ಗಮನವೂ ಇರಲಿಲ್ಲ.

ಕಾಶಿಯ ಚಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಜನವರಿಯಲ್ಲಿ ಮಂಜು ಗಲ್ಲಿಯೊಳಗೆ ಇಳಿದರೆ ಎದುರು ಬರುವ ಗೂಳಿ ಮೈಗೆ ತಾಗಿದ ಮೇಲೇ ಕಾಣುವುದು. ಈ ಮೀನುಗಳಿಗೆ ಆ ತಂಪು ಆಗಿಬರದು. ಅದಕ್ಕೇ ನೀರಿನಲ್ಲಿ ಮುಳುಗಿಸುವ ಗಾಜಿನ ಕೊಳವೆಯಂಥ ಹೀಟರು ತಂದಿದ್ದೆ. ನೀರು ಕೂಸಿಗೆ ಎರೆಯುವಷ್ಟು ಬೆಚ್ಚಗಿದೆಯೋ ಇಲ್ಲವೋ ಎಂದು ಅವ್ವ ದಿನವೂ ಬೆರಳದ್ದಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಒದ್ದೆಗಾಲಲ್ಲೇ ಬಂದು ತೊಟ್ಟಿಗೆ ಕೈ ಹಾಕಿದಳು. "ಯಪ್ಪಾ!" ಎಂಬ ಕೂಗು ಕೇಳಿ ನಾನು ಓಡಿಬಂದರೆ ಅವ್ವ ಮಂಚಕ್ಕೆ ಒರಗಿ ನೆಲದ ಮೇಲೆ ಬಿದ್ದಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಬುದ್ಧಿ ನೋಡಿ, ನೀರಿನಲ್ಲಿ ಅಂಥದ್ದೇನಿದೆ ಎಂದು ನಾನೂ ಕೈ ಚಾಚಿದೆ.

"ಕೈ ಹಾಕಬ್ಯಾಡ್ರಿ! ಮೊದ್ಲ ಮೇನ್ ಆಫ್ ಮಾಡ್ರಿ!" ಅಡುಗೆಮನೆಯ ಬಾಗಿಲಿನಿಂದ ಗಿರಿಜೆ ಕಿರುಚಿದಳು.

ಮೇನ್ ಆರಿಸಿದೆ. ಗಿರಿಜೆ ನಾಡಿ ಹಿಡಿದು ಕೂತಳು, ಆಮೇಲೆ ಆಸ್ಪತ್ರೆಗೆ ಕರೆದೊಯ್ದು ಎದೆಯ ಬಡಿತದ ಪರೀಕ್ಷೆ ಮಾಡಿಸಿದಳು. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಹೀಟರಿನ ಗಾಜು ಕೂದಲೆಳೆಯಷ್ಟು ಬಿರಿದು ನೀರು ಒಳಗಿಳಿದಿತ್ತು. ಆಸ್ಪತ್ರೆಯ ದಾರಿಯುದ್ದಕ್ಕೂ ಅವ್ವನಿಗೆ ಒಂದೇ ಚಿಂತೆ. "ನನಗ ಹಿಂಗ ಒದೀತು, ಆ ಕೂಸುಗಳಿಗೆ ಹ್ಯಾಂಗ ಒದ್ದಿರಬೇಕು?"

"ಅವಕ್ಕ ಏನೂ ಆಗಿಲ್ಲತ್ತಿ," ಎಂದಳು ಗಿರಿಜೆ. "ಕರೆಂಟಿಗೆ ನೆಲಕ್ಕ ಇಳಿಯಾಕ ದಾರಿ ಬೇಕು. ಮೀನು ನೀರಾಗಽ ತೇಲ್ತಾವು, ನೆಲಾ ಮುಟ್ಟೂದಿಲ್ಲ. ನೀವು ಒದ್ದಿ ಕಾಲಿಲೆ ಕಲ್ಲಿನ ಮ್ಯಾಲೆ ನಿಂತಿದ್ರಿ."

ಅವ್ವ, "ಹಂಗಾರ ಅವಕ್ಕ ಗೊತ್ತಽ ಆಗಿಲ್ಲ. ಚಲೋ ಆತು," ಎಂದಳು.

ನಾನು ಮಾತ್ರ ನಡುಗಿಹೋಗಿದ್ದೆ. ತೊಟ್ಟಿ ಈ ಮನೆಯಲ್ಲಿ ಇರಕೂಡದೆಂದು ಅಪ್ಪಣೆ ಕೊಟ್ಟೆ. ಅಂಗಡಿಯವನು ಮರುದಿನ ಬಂದು ಒಯ್ಯಲು ಒಪ್ಪಿದ. ಅವ್ವ ಆ ರಾತ್ರಿ ಹೀಟರಿಲ್ಲದ ತೊಟ್ಟಿಗೆ ತನ್ನ ಕೌದಿಯನ್ನೇ ಹೊದಿಸಿದಳು. ಬಾಟಲಿಗಳಿಗೆ ಬಿಸಿನೀರು ತುಂಬಿ ಬಿರಡೆ ಬಿಗಿದು ನೀರಿನಲ್ಲಿ ತೇಲಿಬಿಟ್ಟಳು. ಆರಿದಂತೆಲ್ಲ ಎದ್ದು ಬದಲಿಸಿದಳು. ಆದರೆ ಮೀನುಗಳ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಅಷ್ಟು ಸದ್ದು ಇದ್ದಿತೆಂದು ತಿಳಿದದ್ದೇ ಆಗ.

ಅಂಗಡಿಯವನು ಬಕೆಟ್ಟು ಹಿಡಿದು ಬಂದಾಗ ಗೌರಿ ತೊಟ್ಟಿಗೆ ಅಡ್ಡ ನಿಂತಳು.

"ಒಯ್ಯಬ್ಯಾಡ! ಅಲ್ಲಿ ಉಂಡೀರೇನವಾ ಅಂತ ಯಾರ್ ಕೇಳ್ತಾರ? ಅವಕ್ಕ ಹಿಂದಿ ಬರೂದಿಲ್ಲಪ್ಪಾ!"

ಅಂಗಡಿಯವನು ಪಿಳಿಪಿಳಿ ನೋಡಿದ. ಗಿರಿಜೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಮ್ಮ ಮಗಳ ಬಾಯಿಂದ ಅಷ್ಟುದ್ದದ ಕನ್ನಡ ನಾವು ಕೇಳಿದ್ದು ಅದೇ ಮೊದಲು, ಅದೂ ಅಚ್ಚ ಗದಗಿನ ರಾಗದಲ್ಲಿ. ನಾನು ಕಥೆ ಹೇಳಿ, ಬೈದು, ಚಾಕೊಲೇಟಿನ ಆಸೆ ತೋರಿಸಿ ಕಲಿಸಲಾರದ್ದನ್ನು ಮೀನುಗಳ ಪಕ್ಕದಲ್ಲಿ ಕೂತು ಕಲಿತುಬಿಟ್ಟಿದ್ದಳು. ಅವ್ವ ಸೆರಗಿನಿಂದ ಕಣ್ಣೊರಸಿಕೊಂಡು, "ಕೂಸು ಕೇಳೂದು ಖರೇ ಐತಲ್ಲೋ," ಎಂದಳು.

ಅಂಗಡಿಯವನು ಚಹಾ ಕುಡಿದು ಬರಿಯ ಬಕೆಟ್ಟಿನೊಂದಿಗೆ ಹೋದ. ಅದೇ ದಿನ ಇಲೆಕ್ಟ್ರಿಷಿಯನ್ ಬಂದ. ನಮ್ಮ ಹಳೆಯ ಮನೆಯ ಸಾಕೆಟ್ಟಿನಲ್ಲಿ ಮೂರನೆಯ ತೂತು ಶೋಭೆಗೆ ಮಾತ್ರ ಇತ್ತು, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗೇ ಇರಲಿಲ್ಲ. ಅದನ್ನು ಎಳೆಸಿದೆವು. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು ಹಾಕಿಸಿದೆವು. ವೈರಿನ ಮೇಲೆ ಇಳಿದ ಹನಿ ಸಾಕೆಟ್ಟಿಗೆ ಹರಿಯದೆ ನೆಲಕ್ಕೆ ಬೀಳಲೆಂದು ವೈರನ್ನು ಕೆಳಗೆ ಜೋಲುಬಿಟ್ಟೆವು. ಹೊಸ ಹೀಟರು ಬಂತು. ಅದನ್ನು ಆರಿಸದೆ ನೀರು ಬದಲಿಸಕೂಡದು, ಬಿಸಿ ಗಾಜು ಹೊರಗಿನ ಗಾಳಿಗೆ ಬಿರಿಯುತ್ತದೆ ಎಂದು ಗಿರಿಜೆ ಎಲ್ಲರಿಗೂ ತಾಕೀತು ಮಾಡಿದಳು. ಅವ್ವ ತನ್ನದೇ ಒಂದು ನೇಮ ಸೇರಿಸಿದಳು. ಪ್ಲಗ್ಗನ್ನು ಕಿತ್ತು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯನ್ನು ನೀರಿಗಿಳಿಸುವುದು. ದಿನವೂ ಲಿಂಗಪೂಜೆಗೆ ಚಾಚಿ ಅಭ್ಯಾಸವಾದ ಎಡಗೈ ಅದು. ಪ್ಲಗ್ಗನ್ನೂ ಅಷ್ಟೇ ಭಯಭಕ್ತಿಯಿಂದ ಹಿಡಿಯುತ್ತಿದ್ದಳು. ಕೊನೆಯವರೆಗೂ ಆ ನೇಮ ತಪ್ಪಲಿಲ್ಲ.

ಅವ್ವ ಹೋಗಿ ಕೆಲವು ಚಳಿಗಾಲಗಳಾದವು. ಗೌರಿ ಪುಣೆಯಲ್ಲಿ ಓದುತ್ತಿದ್ದಾಳೆ. ಪಟ್ಟಿಸೀರೀಕಿಯ ಜಾಗಕ್ಕೆ ಬೇರೆ ಮೀನು ಬಂದಿದೆ. ಇವತ್ತು ಕೆಳಗಿನ ಮನೆಯ ಗಲಾಟೆ ಮುಗಿಸಿ ಮೇಲೆ ಬಂದು ಮೀನುಗಳಿಗೆ ಕಾಳು ಹಾಕುತ್ತಿದ್ದೆ. ಗೌರಿಯ ಫೋನು ಬಂತು. ಎತ್ತಿ ಪಕ್ಕದಲ್ಲಿಟ್ಟು, ಕೈಯಲ್ಲಿದ್ದ ಕೆಲಸ ಮುಗಿಸುತ್ತಿದ್ದೆನೆಂದು ಕಾಣುತ್ತದೆ.

"ಅಪ್ಪಾ, ಯಾರ ಜೋಡಿ ಮಾತಾಡಾಕ ಹತ್ತೀರಿ?"

ನಾನು ಸುತ್ತ ನೋಡಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಗಿರಿಜೆ ಆಗಲೇ ಆಸ್ಪತ್ರೆಗೆ ಹೋಗಿದ್ದಳು. ಮಂಜು ಕರಗಿ ಬಿಸಿಲು ಬೀಳುತ್ತಿದೆಯೆಂದು ನಾನು ಇಷ್ಟು ಹೊತ್ತು ದೊಡ್ಡ ದನಿಯಲ್ಲಿ ಯಾರಿಗೋ ವಿವರಿಸುತ್ತಿದ್ದದ್ದು ನನ್ನ ಕಿವಿಗೂ ಆಗಲೇ ಬಿದ್ದದ್ದು.

"ಮನಿ ಮಂದೀ ಜೋಡಿನಽವಾ," ಎಂದೆ.