ಹದಿನಾಲ್ಕು ಗಿಡಕ್ಕೆ ಎರಡು ಬಕೆಟ್ಟು

ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುವುದು. ಮೂರು ಟೈಲರ್ ಅಂಗಡಿಗಳ ಅಂಗಿಗಳು ಅವಳ ಮನೆಗೆ ಬಂದು ಗುಂಡಿ ತೂರಿಸುವ ಕಾಜಾ ಹೊಲಿಸಿಕೊಂಡು, ಗುಂಡಿ ಹಚ್ಚಿಸಿಕೊಂಡು ಹೋಗುತ್ತವೆ. ಒಂದು ಅಂಗಿಗೆ ಏಳು ಕಾಜಾ, ತೋಳಿನದೂ ಸೇರಿದರೆ ಒಂಬತ್ತು. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾಳೆ. ಆದರೂ "ನಿಮ್ಮ ಮನೆಯವರು ಏನು ಮಾಡ್ತಾರೆ?" ಎಂದು ಯಾರಾದರೂ ಕೇಳಿದರೆ ಅವಳ ಗಂಡ "ಮನೇಲೇ ಇರ್ತಾಳೆ" ಎನ್ನುತ್ತಾನೆ. ಸುಳ್ಳೇನಲ್ಲ, ಮನೆಯಲ್ಲೇ ಇರುತ್ತಾಳೆ.

ಗಂಡ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ನೋಡಿ ಬರೆದುಕೊಳ್ಳುವವನು. ಬೀದಿಗೆ ಅವನು ಮೀಟರಣ್ಣ. ಮಗಳು ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದಾಳೆ. ಮನೆಯ ನಡುಕೋಣೆಯ ಮಂಚದ ಮೇಲೆ ಎಪ್ಪತ್ತೊಂದು ವರ್ಷದ ಅತ್ತೆ. ಅತ್ತೆ ಯಾರ ಮನೆಗೂ ಹೋಗುವವರಲ್ಲ, ತಮ್ಮ ಬಟ್ಟೆಯನ್ನು ಸೊಸೆಗೆ ಒಗೆಯಲು ಕೊಡುವವರೂ ಅಲ್ಲ. ಅದೇನು ಬಿಗುಮಾನವೋ ಎಂದು ಕಾಜಾ ಅಕ್ಕ ಮದುವೆಯಾದ ಹೊಸದರಲ್ಲೇ ಅಂದುಕೊಂಡು, ಆಮೇಲೆ ಅದರ ಬಗ್ಗೆ ಯೋಚಿಸುವುದನ್ನು ಬಿಟ್ಟಿದ್ದಳು.

ಮನೆಯ ಮುಂದೆ ಗೋಡೆಗೆ ಒತ್ತಿಕೊಂಡು ಎರಡು ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ಮನೆಯಲ್ಲಿ ಅವಳದು ಅನ್ನುವ ಜಾಗ ಅದೊಂದೇ. ಹಿಂದೆ ಅಲ್ಲಿ ಬೀದಿಮರದ ನೆರಳಿತ್ತು, ನೆರಳಿನ ಹೂಗಳಿದ್ದವು. ರಸ್ತೆ ಅಗಲ ಮಾಡಲು ಮರ ಕಡಿದರು. ಆಮೇಲೆ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಗೋಡೆ ಕಾದ ಹೆಂಚಿನ ಹಾಗೆ ಸುಡತೊಡಗಿತು. ಗಿಡಗಳು ಒಂದೇ ವಾರಕ್ಕೆ ಸುಟ್ಟ ಕಾಗದವಾದವು.

"ಇದನ್ನ ಹಾಕಿ ನೋಡಿ ಅಕ್ಕಾ," ಎಂದು ಗಿಡ ಮಾರುವ ನರ್ಸರಿಯಾಕೆ ಎರಡು ಸಸಿ ಕೊಟ್ಟಳು. ಇಂಪೇಶಿಯನ್ಸ್ ಅಂತೆ. ನಮ್ಮ ಕರ್ಣಕುಂಡಲದ ದಾಯಾದಿ. ದಪ್ಪ ಎಲೆ, ರಸ ತುಂಬಿದ ಕಾಂಡ, ಕಿತ್ತಳೆ ಬಣ್ಣದ ಅಂಗೈಯಗಲದ ಹೂ. ಕುಂಡದಲ್ಲಿ ಸಿಕ್ಕಿಸಿದ ಪಟ್ಟಿಯ ಮೇಲೆ 'ಬಿಸಿಲು ತಡೆಯುವ ತಳಿ' ಎಂದು ಬರೆದಿತ್ತು.

"ನಿಜವಾಗ್ಲೂ ತಡೆಯುತ್ತಾ?"

"ಬಿಸಿಲು ತಡೆಯುತ್ತೆ, ಬಾಯಾರಿಕೆ ತಡೆಯಲ್ಲ. ಆ ಗೋಡೆ ಹತ್ರ ಅಂದ್ರೆ, ಬೇರು ಇಳಿಯೋವರೆಗೂ ಮೂರು ವಾರ ದಿನಾ ನೀರು ಬೇಕೇ ಬೇಕು. ಅದೆಲ್ಲ ಈ ಪಟ್ಟಿ ಮೇಲೆ ಬರೆದಿರಲ್ಲ."

ಎರಡು ಸಸಿಯಿಂದ ಕಾಜಾ ಅಕ್ಕ ಹದಿನಾಲ್ಕು ಮಾಡಿದಳು. ತುದಿ ಚಿವುಟಿದಳು, ಗೆಣ್ಣಿನ ಕೆಳಗೆ ನೂಲು ಕತ್ತರಿಸುವ ಕತ್ತರಿಯಿಂದಲೇ ಕತ್ತರಿಸಿದಳು, ಕೆಳಗಿನ ಎಲೆ ತೆಗೆದು ಲೋಟಗಳಲ್ಲಿ ನೀರಿಗಿಟ್ಟಳು. ಬಿಳಿ ಬೇರು ಕಂಡ ಮೇಲೆ ಹಳೆಯ ಡಬ್ಬಿಗಳಲ್ಲಿ ಬೆಳೆಸಿದಳು. ಕಾಜಾ ಹೊಲಿಯುವವಳ ಕೈ ಅಲ್ಲವೇ, ಹದಿನಾಲ್ಕರಲ್ಲಿ ಒಂದೂ ಕೊಳೆಯಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಅವಳಿಗೆ ಎರಡು ವರ್ಷದಿಂದ ನಿಲ್ಲದ ರಕ್ತಸ್ರಾವ. ಗರ್ಭಕೋಶ ತೆಗೆಯಲೇಬೇಕು ಎಂದು ಡಾಕ್ಟರು ಹೇಳಿ ವರ್ಷವೇ ಕಳೆದಿತ್ತು. ಒಮ್ಮೆ ಶಾಲಾ ಯೂನಿಫಾರಂ ಹೊಲಿಗೆಯ ಕಾಲ ಅಂತ ಮುಂದೆ ಹೋಯಿತು, ಒಮ್ಮೆ ಅತ್ತೆಯ ಕಣ್ಣಿನ ಪೊರೆ ಅಂತ, ಒಮ್ಮೆ ಮಗಳ ಪರೀಕ್ಷೆ ಅಂತ. ಈಗ ಸೋಮವಾರಕ್ಕೆ ಹಾಸಿಗೆ ಖಾಲಿ ಇದೆ, ಬನ್ನಿ ಎಂದರು. ಡಬ್ಬಿಯೊಳಗೆ ಬೇರು ಸುತ್ತಿಕೊಂಡಿತ್ತು, ಇನ್ನು ಇಡುವ ಹಾಗಿರಲಿಲ್ಲ. ಶನಿವಾರ ಒಂದೂವರೆ ಗೇಣಿಗೊಂದರಂತೆ ಹದಿನಾಲ್ಕನ್ನೂ ನೆಟ್ಟು, ಉಗುರಿನ ಮಣ್ಣು ತೆಗೆದು, ಸೋಮವಾರ ಆಸ್ಪತ್ರೆಗೆ ಹೋದಳು.

"ಆರು ವಾರ ಎರಡು ಕೆಜಿಗಿಂತ ಹೆಚ್ಚಿಗೆ ಏನೂ ಎತ್ತಬಾರದು," ಎಂದರು ಆಪರೇಷನ್ ಮುಗಿಸಿ ಮನೆಗೆ ಕಳಿಸುವಾಗ ಡಾಕ್ಟರು.

ಮನೆಗೆ ಬಂದು ಮಲಗಿದ ಕಾಜಾ ಅಕ್ಕ ಕಣ್ಣಲ್ಲೇ ಮನೆಯನ್ನು ತೂಗಿದಳು. ತುಂಬಿದ ಕುಕ್ಕರ್ ಎರಡು ಕೆಜಿಗಿಂತ ಹೆಚ್ಚು. ಹಿಂಡದ ಬೆಡ್‌ಶೀಟ್ ಹೆಚ್ಚು. ಹಿಟ್ಟಿನ ಡಬ್ಬಿ ಹೆಚ್ಚು, ಟೈಲರ್ ತಂದು ಹಾಕುವ ಅಂಗಿಗಳ ಗಂಟೂ ಹೆಚ್ಚು. ದಿನಕ್ಕೆ ಇಷ್ಟನ್ನೆಲ್ಲ ಎತ್ತುತ್ತಿದ್ದೆನಾ ಎಂದು ಅವಳಿಗೇ ಆಶ್ಚರ್ಯವಾಯಿತು.

ಎಲ್ಲಕ್ಕಿಂತ ಭಾರ ಬಕೆಟ್ಟು. ಮನೆಗಿರುವುದು ಒಂದೇ ನಲ್ಲಿ, ಅದು ಹಿತ್ತಿಲಲ್ಲಿ. ಗಿಡಗಳು ಮುಂದೆ. ಹಿತ್ತಿಲಿಂದ ಅಡುಗೆಮನೆ, ಅತ್ತೆಯ ನಡುಕೋಣೆ, ಮುಂದಿನ ಹಾಲ್, ಮೂರು ಮೆಟ್ಟಿಲು ದಾಟಿ ಹೊರಬೇಕು. ಮನೆಯ ಪಕ್ಕದ ಸಂದಿಯಲ್ಲಿ ಮನುಷ್ಯರು ತೂರಲಾರರು, ಆದರೆ ಪೈಪು ತೂರುತ್ತದೆ. ಪೈಪ್ ತನ್ನಿ ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ತಾನೇ ತರುತ್ತೇನೆಂದರೆ, "ಬೇಡ, ನಿಂಗೆ ನಲ್ಲಿ ಅಳತೆ ಗೊತ್ತಾಗಲ್ಲ, ನಾನೇ ತರ್ತೀನಿ" ಎನ್ನುತ್ತಿದ್ದ. ತರುತ್ತಲೇ ಇದ್ದ.

ಅವಳು ಆಸ್ಪತ್ರೆ ಸೇರಿದ ದಿನವೇ ಮಗಳು ರಜೆ ಹಾಕಿ ಬಂದು ಒಂಬತ್ತು ದಿನ ಇದ್ದಳು. ಅಡುಗೆ, ಬಟ್ಟೆ, ಗಿಡ ಎಲ್ಲವನ್ನೂ ನೋಡಿಕೊಂಡಳು. ಹೊರಡುವಾಗ ಅಪ್ಪನನ್ನು ಅಂಗಳಕ್ಕೆ ಕರೆದು ತೋರಿಸಿದಳು.

"ಅಪ್ಪಾ, ಬೆಳಿಗ್ಗೆ ಎರಡು ಬಕೆಟ್. ಬುಡಕ್ಕೆ, ನಿಧಾನಕ್ಕೆ. ಅಮ್ಮ ಬಕೆಟ್ ಮುಟ್ಟಿದ್ರೆ ನಿನ್ನನ್ನೇ ಕೇಳ್ತೀನಿ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ? ಹೋಗು, ಬಸ್ ತಪ್ಪುತ್ತೆ."

ಮೊದಲ ದಿನ ಒಂದು ಬಕೆಟ್ ತಂದು ಮೂರು ಗಿಡದ ಮೇಲೆ ಸುರಿದು, ಬುಡದಲ್ಲಿ ಗುಂಡಿ ಮಾಡಿ ಕೆಲಸಕ್ಕೆ ಹೋದ. ಎರಡನೇ ದಿನ ಆಕಾಶ ನೋಡಿ, "ಮೋಡ ಇದೆ" ಎಂದ. ಮೂರನೇ ದಿನ ತಡವಾಗಿ ಎದ್ದು ಹಾಗೇ ಕೆಲಸಕ್ಕೆ ಹೋದ.

ಆ ಮಧ್ಯಾಹ್ನ ಕಾಜಾ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಟೈಲರ್ ಬಂದು, "ಕೂತ್ಕೊಂಡೇ ಮಾಡೋ ಕೆಲಸ ಅಲ್ವಾ ಅಕ್ಕಾ, ಎಂಟೇ ಅಂಗಿ" ಎಂದು ಗಂಟು ಇಟ್ಟು ಹೋಗಿದ್ದ. ಅದನ್ನು ಅವಳು ಬಿಚ್ಚಿರಲಿಲ್ಲ. ಹೊರಗೆ ಹದಿನಾಲ್ಕು ಗಿಡಗಳೂ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಒರಗಿದ್ದವು. ಈ ಗಿಡದ ಗುಣ ಅವಳಿಗೆ ಚೆನ್ನಾಗಿ ಗೊತ್ತು. ಬೀಳುವುದೂ ಬೇಗ, ಏಳುವುದೂ ಬೇಗ. ಬಿದ್ದ ಮೇಲೆ ಬೇಗ ನೀರು ಸಿಕ್ಕಿದರೆ ಸಂಜೆಗೆ ಏನೂ ಆಗದವರಂತೆ ನಿಲ್ಲುತ್ತದೆ. ಸಂಜೆಯವರೆಗೂ ಹಾಗೇ ಬಿಟ್ಟರೆ ತುದಿ ಕಪ್ಪಾಗುತ್ತದೆ. ಕಪ್ಪಾದದ್ದು ಮತ್ತೆ ಏಳುವುದಿಲ್ಲ.

ಗಂಡ ಊಟಕ್ಕೆ ಬಂದ. ಬಂದವನೇ ಬ್ಯಾಗ್ ಇಟ್ಟು ಎರಡು ಲೋಟ ನೀರು ಗಟಗಟ ಕುಡಿದ.

"ರೀ, ಗಿಡಕ್ಕೆ ನೀರು?"

"ಸಂಜೆ ಹಾಕಿದ್ರಾಯ್ತು ಬಿಡೆ. ಬಿಸಿಲು ತಡೆಯೋ ಗಿಡ ಅಂತ ನೀನೇ ಹೇಳಿದ್ದಲ್ವಾ? ನಾನೂ ಬೆಳಗಿಂದ ಬಿಸಿಲಲ್ಲೇ ಅಲೆದು ಬಂದಿದೀನಿ. ಬಾಡಿದೀನಾ?"

"ಬರ್ತಿದ್ದ ಹಾಗೇ ಎರಡು ಲೋಟ ಕುಡಿದ್ರಲ್ಲ."

ಅವನು ನಕ್ಕ. ನಗು ಬರುವಂಥ ಮಾತೇ. ನಕ್ಕು, ಉಂಡು, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಅರ್ಧ ಗಂಟೆಯ ನಿದ್ದೆಗೆ ಮಲಗಿದ.

ಕಾಜಾ ಅಕ್ಕ ಕಿಟಕಿಯಾಚೆ ಮತ್ತೊಮ್ಮೆ ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. ಗೋಡೆ ಹಿಡಿದು ಹಿತ್ತಿಲಿಗೆ ಹೋಗಿ ಅರ್ಧ ಬಕೆಟ್ ತುಂಬಿಸಿದಳು. ಅರ್ಧವೇ ತಾನೇ, ನಿಂತು ನಿಂತು ಒಯ್ದರಾಯಿತು. ಹಿಡಿಗೆ ಕೈ ಹಾಕಿದಳು.

"ಕೈ ತೆಗಿ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡು ದಿನದ ಹಿಂದಷ್ಟೇ "ನಮ್ಮ ಕಾಲದಲ್ಲಿ ಯಾರು ಹೀಗೆ ಕಾಲು ನೀಡಿ ಮಲಗ್ತಿದ್ರು" ಎಂದಿದ್ದ ಅತ್ತೆ.

"ಅರ್ಧ ಬಕೆಟ್ ಅಷ್ಟೇ ಅತ್ತೆ. ಮೆಲ್ಲಗೆ ಒಯ್ತೀನಿ."

"ನಾನೂ ಹಾಗೇ ಅಂದ್ಕೊಂಡಿದ್ದೆ." ಅತ್ತೆ ಬಾಗಿಲು ಹಿಡಿದುಕೊಂಡರು. "ಇವನನ್ನ ಹೆತ್ತು ಹನ್ನೊಂದನೇ ದಿನ. ಮನೇಲಿ ನೀರಿಲ್ಲ. ಅರ್ಧ ಬಿಂದಿಗೆ ಅಂತಲೇ ಎತ್ತಿದ್ದು. ಒಳಗೆ ಏನೋ ಜಾರಿದ ಹಾಗಾಯ್ತು. ಜಾರಿದ್ದು ಜಾರೇ ಹೋಯ್ತು. ನಲವತ್ತೆಂಟು ವರ್ಷ ಆಯ್ತು, ಕೆಮ್ಮಿದ್ರೆ, ಸೀನಿದ್ರೆ ಬಟ್ಟೆ ಒದ್ದೆ. ನಾನು ಮದುವೆಮನೆಗೆ ಹೋಗೋದು ಯಾಕೆ ಬಿಟ್ಟೆ ಅಂದ್ಕೊಂಡಿದೀಯ? ನನ್ನ ಬಟ್ಟೆ ನಿನಗ್ಯಾಕೆ ಕೊಡಲ್ಲ?"

ಕಾಜಾ ಅಕ್ಕ ಹಿಡಿಯಿಂದ ಕೈ ತೆಗೆದಳು. "ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ಕೇಳೋರು ಯಾರು? ಹೋಗು, ಕೂತ್ಕೋ."

ಅತ್ತೆ ಬಕೆಟ್ಟಿಗೆ ಚೊಂಬು ಅದ್ದಿದರು. ಒಂದೇ ಚೊಂಬು ನೀರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆ, ನಡುಕೋಣೆ ದಾಟಿ, ಹಾಲ್‌ನಲ್ಲಿ ಮಲಗಿದ್ದ ಮಗನ ಕಾಲು ಬಳಸಿ, ಮೆಟ್ಟಿಲಿಳಿದು, ಮೊದಲ ಗಿಡದ ಬುಡಕ್ಕೆ ಸುರಿದರು. ಒಳಗೆ ಬರುತ್ತ ಗಟ್ಟಿಯಾಗಿ ಹೇಳಿದರು: "ಒಂದು."

ಮತ್ತೆ ಹೋದರು. ಬಂದರು. "ಎರಡು."

ಮೀಟರಣ್ಣನಿಗೆ ನಿದ್ದೆ ಬಂದಿತ್ತೋ ಇಲ್ಲವೋ, ಹಿತ್ತಿಲಿನ ಮಾತು ಕಿವಿಗೆ ಬಿದ್ದಿತ್ತೋ ಇಲ್ಲವೋ, ಅವನೇ ಬಲ್ಲ. "ನಾಲ್ಕು" ಎಂದಾಗ ಮಗ್ಗುಲು ಬದಲಿಸಿದ. "ಐದು" ಎಂದಾಗ ಒಂದು ತೊಟ್ಟು ತಣ್ಣೀರು ಅವನ ಪಾದಕ್ಕೆ ಬಿತ್ತು. ಅದು ತಾನಾಗಿ ಬಿದ್ದದ್ದು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ.

"ಅಮ್ಮಾ, ನೀನ್ಯಾಕಮ್ಮಾ?"

"ಮತ್ತ್ಯಾರು? ನಿನ್ನ ಹೆಂಡ್ತಿ ಎತ್ತೋ ಹಾಗಿಲ್ಲ. ನಿಂಗೆ ನಿದ್ದೆ. ಉಳಿದೋಳು ನಾನೇ. ಮಲಗಪ್ಪ ನೀನು, ಇನ್ನು ಒಂಬತ್ತೇ."

"ನಿನ್ನ ವಯಸ್ಸೇನು, ಇದೇನು..."

"ನಿನ್ನ ಹೆತ್ತಾಗ ಇಪ್ಪತ್ಮೂರು. ಆಗ್ಲೂ ಯಾರೂ ಏಳಲಿಲ್ಲ."

ಅವನು ಎದ್ದು ಕೂತ. ಅಮ್ಮನ ಮುಖ ನೋಡಲಿಲ್ಲ, ಹೆಂಡತಿಯದನ್ನೂ ನೋಡಲಿಲ್ಲ. ಪ್ಯಾಂಟು ಮಡಚಿಕೊಂಡು ಹಿತ್ತಿಲಿಗೆ ಹೋಗಿ ಬಕೆಟ್ ತುಂಬ ನೀರು ಹಿಡಿದು ತಂದ. ಕಾಲು ಬಕೆಟ್ ಹಾಲ್‌ನಲ್ಲೇ ಚೆಲ್ಲಿತು. ಹೊರಗೆ ಹೋಗಿ ಎತ್ತರದಿಂದ ಸುರಿಯತೊಡಗಿದ.

"ಬುಡಕ್ಕೆ ರೀ, ಹೂವಿಗಲ್ಲ," ಕಿಟಕಿಯಿಂದ ಕಾಜಾ ಅಕ್ಕ ಹೇಳಿದಳು.

"ಮೆಲ್ಲಗೆ ಹೇಳೆ, ಬೀದಿಯವರು ನೋಡ್ತಿದಾರೆ."

ನೋಡುತ್ತಲೇ ಇದ್ದರು. "ಏನ್ ಮೀಟರಣ್ಣ, ಇವತ್ತು ನೀರಿನ ರೀಡಿಂಗಾ?" ಎಂದು ಎದುರು ಅಂಗಡಿಯವನು ಕೂಗಿದ. ಮೀಟರಣ್ಣ ಎರಡನೇ ಬಕೆಟ್ ತರಲು ಒಳಗೆ ಬಂದ. ಚೆಲ್ಲಿದ ನೀರನ್ನು ಒರೆಸಲು ಕಾಜಾ ಅಕ್ಕನ ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು. ಅತ್ತೆ ದುರುಗುಟ್ಟಿ ನೋಡಿದರು. ಕೈ ವಾಪಸ್ ಬಂತು.

ಐದು ಗಂಟೆಗೆ ಹನ್ನೊಂದು ಗಿಡ ಎದ್ದು ನಿಂತವು. ಕೊನೆಯ ಮೂರು ಏಳಲಿಲ್ಲ.

ಮರುದಿನವೂ ಅವನೇ ಹೊತ್ತ, ಅದರ ಮರುದಿನವೂ. ಸೊಂಟ ನೋವು ಎಂದು ಮುಲಾಮು ಹಚ್ಚಿಕೊಂಡ. ಮೂರನೇ ದಿನ ಕೆಲಸದಿಂದ ಬರುವಾಗ ಅವನ ಹೆಗಲ ಮೇಲೆ ಸುರುಳಿ ಸುತ್ತಿದ ಹಸಿರು ಪೈಪಿತ್ತು. ನಲ್ಲಿಗೆ ಸಿಕ್ಕಿಸಿದ, ಸಂದಿಯಲ್ಲಿ ತೂರಿಸಿದ, ಕ್ಲಿಪ್ ಬಿಗಿದ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ.

"ಥೂ, ಈ ಬಕೆಟ್ ಹೊರೋದು ಮನುಷ್ಯರು ಮಾಡೋ ಕೆಲಸ ಅಲ್ಲ ಬಿಡು," ಎಂದ ಕೈ ಕೊಡವುತ್ತ.

ಅತ್ತೆ, ಸೊಸೆ ಮುಖ ಮುಖ ನೋಡಿಕೊಂಡರು.

"ಹೌದು ಕಣೋ," ಅತ್ತೆ ಅಂದರು, "ಇಷ್ಟು ದಿನ ಮನುಷ್ಯರು ಮಾಡಿರ್ಲಿಲ್ಲ."

ಆಮೇಲೆ ನಾಲ್ಕು ವಾರ ಕಾಜಾ ಅಕ್ಕ ಎರಡು ಕೆಜಿಗಿಂತ ಹೆಚ್ಚಿನ ಏನನ್ನೂ ಎತ್ತಲಿಲ್ಲ. ಕುಕ್ಕರನ್ನು ಒಲೆಗೆ ಏರಿಸುವುದೂ ಇಳಿಸುವುದೂ ಗಂಡನ ಪಾಲಿಗೆ ಬಂತು. ಅದನ್ನೂ ಅವನು ಬೀದಿಗೆಲ್ಲ ಕೇಳಿಸುವಂತೆಯೇ ಮಾಡಿದ. ಟೈಲರನ ಗಂಟು ಬಿಚ್ಚದೆ ವಾಪಸ್ ಹೋಯಿತು. ಗಿಡಗಳು ಬೇರು ಇಳಿಸಿ, ಪೊದೆಯಾಗಿ, ಬಿಳಿ ಗೋಡೆಯ ಮುಂದೆ ಕಿತ್ತಳೆ ಹೂ ಹೊತ್ತು ನಿಂತವು. "ಎಲ್ಲಾ ಹೋಗೇ ಬಿಟ್ಟಿತ್ತು ಕಣ್ರೀ, ನಾನು ಉಳಿಸಿದೆ," ಎಂದು ಮೀಟರಣ್ಣ ದಾರಿಹೋಕರಿಗೂ ಹೇಳಿದ. ಕಾಜಾ ಅಕ್ಕ ಕಿಟಕಿಯಲ್ಲಿ ಕೂತು ಕೇಳಿಸಿಕೊಂಡಳು. ಹೇಳಿಕೊಳ್ಳಲಿ ಬಿಡು ಎಂದುಕೊಂಡಳು. ಹೊಲಿಗೆ ಬಿಗಿದಿರುವುದು ಮುಖ್ಯ, ಕಾಜಾ ಯಾರದೆಂದು ಅಂಗಿ ತೊಟ್ಟವರು ಯಾವತ್ತೂ ಕೇಳಿದ್ದಿಲ್ಲ.

ಆರನೇ ವಾರ ಡಾಕ್ಟರನ್ನು ಮತ್ತೆ ನೋಡಬೇಕಿತ್ತು. ಆಟೋ ಬಂದು ನಿಂತಿತು. ಕಾಜಾ ಅಕ್ಕ ನಡುಕೋಣೆಗೆ ಹೋಗಿ ಮಂಚದ ಕೆಳಗಿಂದ ಅತ್ತೆಯ ಚಪ್ಪಲಿ ತೆಗೆದಿಟ್ಟಳು.

"ನಂಗ್ಯಾಕೆ ಇದು?"

"ನೀವೂ ಬರ್ತಿದೀರ. ನಿಮ್ಮ ಹೆಸರೂ ಬರೆಸಿದೀನಿ. ಫೋನ್‌ನಲ್ಲಿ ಡಾಕ್ಟರಿಗೆ ಎಲ್ಲಾ ಹೇಳಿದೀನಿ. ಜಾರಿದ ಗರ್ಭಕೋಶ ತಡೆದು ಹಿಡಿಯೋಕೆ ಒಳಗೆ ಒಂದು ರಿಂಗ್ ಹಾಕಿದ್ರೂ ಸಾಕಾಗ್ಬೋದಂತೆ, ನೋಡಿ ಹೇಳ್ತಾರಂತೆ."

"ಈ ವಯಸ್ಸಲ್ಲಿ ಯಾರಿಗೆ ತೋರಿಸ್ಲೇ ನಾನು?"

"ಡಾಕ್ಟರ್ ಹೆಂಗಸೇ. ಹೊರಡಿ ಅತ್ತೆ, ಆಟೋದವನು ಕಾಯ್ತಿದಾನೆ."

ಅತ್ತೆ ಬಹಳ ಹೊತ್ತು ಚಪ್ಪಲಿಯನ್ನೇ ನೋಡಿದರು. ಆಮೇಲೆ ಕಾಲು ತೂರಿಸಿದರು.

ಮುಂದಿನ ಅಂಗಳದಲ್ಲಿ ಮೀಟರಣ್ಣ ಪೈಪ್ ಹಿಡಿದು ನಿಂತಿದ್ದ. ಆಟೋ ಹೊರಟ ಮೇಲೆ ಅತ್ತೆ ಕೇಳಿದರು, "ನೋಡೆ, ಬುಡಕ್ಕೆ ಹಾಕ್ತಿದಾನಾ?"

ಕಾಜಾ ಅಕ್ಕ ಕತ್ತು ಹೊರಳಿಸಿ ನೋಡಿದಳು. "ಹೂವಿಗೇ ಹಾಕ್ತಿದಾರೆ ಅತ್ತೆ."

"ಹಾಕ್ಲಿ ಬಿಡು," ಎಂದು ಅತ್ತೆ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಆಸ್ಪತ್ರೆ ಎಷ್ಟು ದೂರ?"