ಎರವಲು ಹುಟ್ಟುಹಬ್ಬ

ನಾನು ಕುಮಟೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತೇನೆ. ಇಸವಿ ತಪ್ಪು ಬರೆದ ಮಕ್ಕಳಿಗೆ ಅರ್ಧ ಮಾರ್ಕು ಹಾಕುವ ಧಾರಾಳತನ ನನಗಿಲ್ಲ. ಸೊನ್ನೆಯೇ. ಮನೆಯಲ್ಲೂ ಹಾಗೇ. ಯಾರಾದರೂ ಮದುವೆಯ ವರ್ಷವನ್ನೋ ಮನೆ ಕಟ್ಟಿಸಿದ ವರ್ಷವನ್ನೋ ಹೆಚ್ಚುಕಮ್ಮಿ ಹೇಳಿದರೆ ಊಟದ ಮಧ್ಯದಲ್ಲಿಯೇ ತಿದ್ದುತ್ತೇನೆ. ಇದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ಗೊತ್ತಿದ್ದೂ ಬಿಡಲಾಗುವುದಿಲ್ಲ.

ಪಾಠದ ಚರಿತ್ರೆ ಹೊಟ್ಟೆಪಾಡು. ನನ್ನ ಜೀವದ ಚರಿತ್ರೆ ಬೇರೆಯೇ. ಯಾವ ರಾಕ್ ಗಾಯಕ ಎಂದು ಹುಟ್ಟಿದ, ಯಾವ ಬ್ಯಾಂಡು ಮೊದಲ ಸಲ ಯಾವ ದಿನ ವೇದಿಕೆ ಹತ್ತಿತು, ಯಾವ ಗಿಟಾರಿನವ ಯಾವ ದಿನ ಕಣ್ಣು ಮುಚ್ಚಿದ, ಇವೆಲ್ಲ ಒಂದು ದಪ್ಪ ನೋಟುಪುಸ್ತಕದಲ್ಲಿವೆ. ಮೂವತ್ತು ವರ್ಷಕ್ಕೂ ಹಿಂದೆ ಹೊನ್ನಾವರದಲ್ಲಿ ಕಾಲೇಜು ಓದುವಾಗ ನಾವು ಮೂವರು ಸೇರಿ ಶುರು ಮಾಡಿದ ಪುಸ್ತಕ ಅದು. ಈಗ ಅದನ್ನು ನೋಡಿಕೊಂಡು ದಿನಾ ಬೆಳಿಗ್ಗೆ ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕುತ್ತೇನೆ. ಹಲ್ಲುಜ್ಜುವುದು ಆಮೇಲೆ.

ಮೂವರಲ್ಲಿ ಒಬ್ಬ ಭಟ್ಕಳದವನು. ಅವನ ಅಣ್ಣ ಗಲ್ಫಿನಲ್ಲಿದ್ದ. ವರ್ಷಕ್ಕೊಮ್ಮೆ ಬರುವ ಪಾರ್ಸೆಲ್ಲಿನಲ್ಲಿ ಅತ್ತರು, ಖರ್ಜೂರ, ಸಾಬೂನುಗಳ ನಡುವೆ ನಮಗಾಗಿ ನಾಲ್ಕೈದು ಕ್ಯಾಸೆಟ್ಟುಗಳು ಇರುತ್ತಿದ್ದವು. ಅವನು ಗಿಟಾರು ಕಲಿತ. ಇನ್ನೊಬ್ಬ ಮಾವಳ್ಳಿಯವನು, ಮೀನುಗಾರರ ಮನೆಯವ. ಅವನು ಖಾಲಿ ಮೀನಿನ ಕ್ರೇಟುಗಳನ್ನು ಬೋರಲು ಹಾಕಿ ಬಾರಿಸುತ್ತ ಬಾರಿಸುತ್ತ ಡ್ರಮ್ಮರ್ ಆದ. ನಾನು ಹಾಡುತ್ತಿದ್ದೆ. ಹಾಡುತ್ತಿದ್ದೆ ಎನ್ನುವುದು ನನ್ನ ಮಾತು, ಉಳಿದಿಬ್ಬರ ಮಾತು ಬೇರೆ.

ಕ್ಯಾಸೆಟ್ಟುಗಳಷ್ಟೇ ಅಮೂಲ್ಯವಾದದ್ದು ಅವನ್ನು ಸುತ್ತಿದ್ದ ಇಂಗ್ಲಿಷ್ ಪೇಪರು. ಅಲ್ಲಿಯ ಪತ್ರಿಕೆಗಳಲ್ಲಿ ಸಂಗೀತದ ಪುಟ ಇರುತ್ತಿತ್ತು, ಅದರ ಮೂಲೆಯಲ್ಲಿ ‘ಈ ದಿನ, ಹಿಂದೆ’ ಎಂಬಂಥ ಒಂದು ಅಂಕಣ. ಇಂದು ಇಂಥವರು ಹುಟ್ಟಿದರು, ಇಂದು ಇಂಥ ಬ್ಯಾಂಡು ಒಡೆಯಿತು. ಮುದುರಿದ ಪೇಪರನ್ನು ಇಸ್ತ್ರಿ ಪೆಟ್ಟಿಗೆಯಿಂದ ಮಟ್ಟಸ ಮಾಡಿ, ಕತ್ತರಿಸಿ, ಪುಸ್ತಕಕ್ಕೆ ಅಂಟಿಸುವುದು ನನ್ನ ಕೆಲಸ. ಆಚರಣೆಗೆ ಒಂದು ನಿಯಮ ಮಾಡಿಕೊಂಡಿದ್ದೆವು. ಹುಟ್ಟಿದ ದಿನವಾದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬನ್ಸ್ ಮತ್ತು ಚಾ. ಸತ್ತ ದಿನವಾದರೆ ಬರಿ ಚಾ, ಅದೂ ಮಾತಿಲ್ಲದೆ. ಭಟ್ಕಳದವನಿಗೆ ಮಾತಿಲ್ಲದೆ ಚಾ ಕುಡಿಯುವುದು ಆಗುತ್ತಲೇ ಇರಲಿಲ್ಲ.

ಒಂದು ದಿನ ನಮ್ಮ ಮೂವರ ಹುಟ್ಟಿದ ದಿನಗಳನ್ನೂ ಪುಸ್ತಕದಲ್ಲಿ ಬರೆಯೋಣ ಎಂದೆ. ಮುಂದೆ ನಾವೂ ದೊಡ್ಡವರಾದರೆ ಅನುಕೂಲ ಎಂಬ ದೂರಾಲೋಚನೆ. ನನ್ನದು ಬರೆದೆ, ಭಟ್ಕಳದವನದು ಬರೆದೆ. ಮಾವಳ್ಳಿಯವ, “ನಂದು ಬರೀಬೇಡ” ಎಂದ.

“ಎಂತಕ್ಕೆ? ಗೊತ್ತಿಲ್ವಾ?”

“ಗೊತ್ತುಂಟು. ಶಾಲೆಯಲ್ಲಿ ಜೂನ್ ಒಂದು ಅಂತ ಬರ್ದಿದಾರೆ, ಅದು ಹೆಡ್‌ಮಾಸ್ಟ್ರು ಹಾಕಿದ್ದು. ಸರಿಯಾದ್ದು ಬೇರೆ. ಅದು ಅಪ್ಪನ ತಿಥಿ.”

ಅವನು ಹುಟ್ಟಿದ ದಿನವೇ ಅವನ ಅಪ್ಪ ಸತ್ತದ್ದು. ಚೌತಿ ಕಳೆದ ಮೇಲೆ, ಸಮುದ್ರ ಇನ್ನೂ ಮುನಿಸಿನಲ್ಲಿದ್ದಾಗ, ಬೆಳಗಿನ ಜಾವ ಹೋದ ದೋಣಿ ಅಳಿವೆಯ ಬಾಯಲ್ಲಿ ಮಗುಚಿತು. ಮಧ್ಯಾಹ್ನಕ್ಕೆ ದೇಹ ದಡಕ್ಕೆ ಬಂತು, ಸಂಜೆ ಇವನು ಹುಟ್ಟಿದ. ಮನೆಯಲ್ಲಿ ಪ್ರತಿ ವರ್ಷ ಆ ತಿಥಿಗೆ ಎಲೆಯ ಮೇಲೆ ಎಡೆ ಇಟ್ಟು ಕಾಗೆಗೆ ಕಾಯುತ್ತಾರೆ. ಅದೇ ದಿನ ಈ ಮನೆಯಲ್ಲಿ ಒಂದು ಮಗುವೂ ಹುಟ್ಟಿತ್ತು ಎಂಬ ಮಾತನ್ನು ಯಾರೂ, ಅವನ ತಾಯಿಯೂ, ಬಾಯಿಬಿಟ್ಟು ಹೇಳಿದ್ದಿಲ್ಲವಂತೆ. ಇಷ್ಟನ್ನೂ ಅವನು ಬನ್ಸ್ ಮುರಿಯುತ್ತ ಸಹಜವಾಗಿ ಹೇಳಿದ.

ಆ ಹೊತ್ತಿಗೆ ಸರಿಯಾಗಿ ನನ್ನ ಪುಸ್ತಕದಲ್ಲಿ ಅವನ ಅಚ್ಚುಮೆಚ್ಚಿನ ಡ್ರಮ್ಮರನ ಬಗೆಗಿನ ಪೇಪರು ಚೂರೊಂದು ಇತ್ತು. ಹಿಂದಿನ ಪಾರ್ಸೆಲ್ಲಿನದು. ‘ಈ ದಿನ’ ಹುಟ್ಟಿದವರ ಪಟ್ಟಿಯಲ್ಲಿ ಅವನ ಹೆಸರಿತ್ತು, ಆದರೆ ಆ ಹಾಳೆಯ ತಲೆ ಹರಿದುಹೋಗಿ ತಾರೀಕು ಇರಲಿಲ್ಲ. ಅದೇ ಕ್ಯಾಸೆಟ್ಟಿಗೆ ಸುತ್ತಿದ್ದ ಇನ್ನೊಂದು ಹಾಳೆಯಲ್ಲಿ ತಾರೀಕು ಇತ್ತು, ಫೆಬ್ರವರಿಯ ಮೊದಲ ವಾರದ್ದು. ಎರಡೂ ಒಂದೇ ಪೇಪರಿನ ಹಾಳೆಗಳು ಎಂದು ನಾನು ತೀರ್ಪು ಕೊಟ್ಟಿದ್ದೆ. ಈಗ ಇನ್ನೊಂದು ತೀರ್ಪು ಕೊಟ್ಟೆ. “ಇನ್ನು ಮುಂದೆ ನಿನ್ನ ಹುಟ್ಟಿದ ದಿನ ಇದೇ. ಅವನದ್ದೂ ನಿನ್ನದೂ ಒಂದೇ.”

ಅವನು ನಕ್ಕು, “ಆತು” ಎಂದ.

ಆ ಫೆಬ್ರವರಿಯಲ್ಲಿ ಭಟ್ಕಳದವನ ತಾಯಿ ಶಾವಿಗೆ ಪಾಯಸ ಮಾಡಿ ಡಬ್ಬಿಯಲ್ಲಿ ಕಳಿಸಿದರು. ಇವನು ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಕ್ರೇಟುಗಳ ಮುಂದೆ ಕೂತವನು ಅರ್ಧ ಗಂಟೆ ಎದ್ದೇಳಲಿಲ್ಲ. ಆಮೇಲೆ ಪ್ರತಿ ವರ್ಷವೂ ಅದೇ. ಬ್ಯಾಂಡು ಎರಡು ವರ್ಷವೂ ಬಾಳಲಿಲ್ಲ. ಒಂದು ಸ್ನೇಹ ಸಮ್ಮೇಳನ, ಒಂದು ಮದುವೆ, ಅಷ್ಟೇ ನಮ್ಮ ಚರಿತ್ರೆ. ಆದರೆ ಫೆಬ್ರವರಿ ಬಾಳಿತು. ನಾನು ಮೇಷ್ಟ್ರಾದೆ, ಭಟ್ಕಳದವನು ಬಟ್ಟೆ ಅಂಗಡಿ ಹಾಕಿದ, ಇವನು ಪಾಲುದಾರನಾಗಿ ಬೋಟಿಗೆ ಹೋದ. ಮದುವೆ ಬ್ಯಾಂಡಿನವರಿಂದ ಒಂದು ಹಳೆಯ ಡ್ರಮ್ ಸೆಟ್ಟನ್ನು ತಂದು ಮನೆಯ ಹಿಂದಿನ ಕೋಣೆಯಲ್ಲಿಟ್ಟ. ಅವನ ಹೆಂಡತಿಗೂ ಮಗಳಿಗೂ ಗೊತ್ತಿದ್ದ ಹುಟ್ಟುಹಬ್ಬ ಅದೊಂದೇ.

ಆ ಮಗಳು ಈಗ ಹೊನ್ನಾವರದಲ್ಲಿ ನರ್ಸು. ಹೋದ ಜನವರಿಯಲ್ಲಿ ಫೋನು ಮಾಡಿದಳು. ಅಪ್ಪನಿಗೆ ಐವತ್ತು ತುಂಬುವುದಕ್ಕೆ ಒಂದು ದೊಡ್ಡ ಪೋಸ್ಟರ್ ಮಾಡಿಸಬೇಕು, ಒಂದು ಕಡೆ ಅಪ್ಪ, ಇನ್ನೊಂದು ಕಡೆ ಆ ಡ್ರಮ್ಮರ್, ನಡುವೆ ತಾರೀಕು. ಅದಕ್ಕೆ ಫೋಟೋ ಹುಡುಕುತ್ತಿದ್ದಾಳೆ.

“ಮಾಮಾ, ಎಲ್ಲಾ ಕಡೆ ಅವ್ರದ್ದು ಜುಲೈ ಅಂತ ಉಂಟು. ಒಂದ್ರಲ್ಲೂ ಫೆಬ್ರವರಿ ಇಲ್ಲ.”

“ಅಂತರ್ಜಾಲದಲ್ಲಿ ಕಂಡಕಂಡವರು ಬರೀತಾರೆ ಮಗಾ,” ಎಂದು ಗತ್ತಿನಿಂದ ಫೋನಿಟ್ಟೆ.

ಇಟ್ಟವನು ಪುಸ್ತಕ ತೆಗೆದೆ. ಇಷ್ಟು ವರ್ಷದಲ್ಲಿ ಉಳಿದ ಎಲ್ಲರ ದಿನಗಳನ್ನೂ ನಾನು ಹತ್ತು ಸಲ ತಾಳೆ ನೋಡಿದ್ದೆ. ಇದೊಂದನ್ನು ನೋಡಿರಲಿಲ್ಲ. ಸ್ವಂತ ಅಕ್ಕನ ಹುಟ್ಟಿದ ದಿನವನ್ನು ಯಾರಾದರೂ ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆಯೇ? ಅಕ್ಕಪಕ್ಕ ಅಂಟಿಸಿದ್ದ ಎರಡು ಚೂರುಗಳನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಅಕ್ಷರದ ಗಾತ್ರ ಬೇರೆ. ಒಂದರ ಅಂಕಣಗಳ ನಡುವೆ ಗೆರೆಯಿದೆ, ಇನ್ನೊಂದರಲ್ಲಿ ಇಲ್ಲ. ಬೇರೆ ಬೇರೆ ಪತ್ರಿಕೆ, ಬೇರೆ ಬೇರೆ ದಿನದ್ದು. ರದ್ದಿ ರಾಶಿಯಿಂದ ಕೈಗೆ ಸಿಕ್ಕ ಎರಡು ಹಾಳೆಗಳನ್ನು ಯಾರೋ ಕ್ಯಾಸೆಟ್ಟಿಗೆ ಸುತ್ತಿದ್ದರು, ನಾನು ಅವಕ್ಕೆ ಗಂಟು ಹಾಕಿದ್ದೆ. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದೆ.

ಅವನಿಗೆ ಹೇಳದೆ ಸುಮ್ಮನಿದ್ದುಬಿಡೋಣ ಎಂದುಕೊಂಡೆ. ಅವನ ಮಗಳಿಗೂ ಭಟ್ಕಳದವನಿಗೂ ಮಾತ್ರ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಮಗಳು, “ನಂಗೆ ಹೇಳುದು ಆಗುದಿಲ್ಲ, ನೀವೇ ಹೇಳಿ” ಎಂದಳು. ಭಟ್ಕಳದವನು, “ಅರೆ ಯಾರ್, ಮಾಸ್ಟ್ರು ನೀನು. ತಪ್ಪೂ ನಿಂದೇ, ತಿದ್ದುದೂ ನಿಂದೇ” ಎಂದ. ಎರಡು ದಿನ ಊಟ ಸೇರದೆ ಕೂತವನಿಗೆ ಹೆಂಡತಿ ಹೇಳಿದಳು: “ಹೇಳ್ದೇ ಇದ್ರೆ ನಿಮ್ಗೇ ಸಮಾಧಾನ ಇಲ್ಲೆ. ಹೋಗಿ ಹೇಳಿಕ್ಕಿ ಬನ್ನಿ.”

ಭಾನುವಾರ ಬೆಳಿಗ್ಗೆ ಮಾವಳ್ಳಿಗೆ ಹೋದೆ. ಅವನು ಅಂಗಳದಲ್ಲಿ ಕೂತು ಹರಿದ ಬಲೆ ಸರಿಮಾಡುತ್ತಿದ್ದ. ಕಾಲ್ಬೆರಳಿಗೆ ಬಲೆಯನ್ನು ಸಿಕ್ಕಿಸಿಕೊಂಡಿದ್ದ. ನಾನು ಪುಸ್ತಕ ಬಿಚ್ಚಿ ಎರಡು ಚೂರುಗಳನ್ನೂ ತೋರಿಸಿ, ಗೆರೆ ಎಲ್ಲಿ ಉಂಟು ಎಲ್ಲಿ ಇಲ್ಲ ಎಂದು ಪಾಠ ಮಾಡಿದಂತೆ ವಿವರಿಸಿದೆ. ನಾಚಿಕೆಯಾದಾಗ ನನಗೆ ಮಾತು ಜಾಸ್ತಿ.

ಅವನು ಕೈ ನಿಲ್ಲಿಸದೆ ಕೇಳಿದ. “ಅವಂದು ಜುಲೈ ಆದ್ರೆ, ಫೆಬ್ರವರಿ ಯಾರದ್ದು?”

“ಯಾರದ್ದೂ ಅಲ್ಲ,” ಎಂದೆ. ಹಾಗೆ ಹೇಳಬಾರದಿತ್ತು.

“ಆತು ಬಿಡು. ಮೊದ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ.”

ಜಗಳವಾಡಿದ್ದರೆ ಒಳ್ಳೆಯದಿತ್ತು. ಅವನು ಚಾ ಕುಡಿಸಿ, ಬಸ್ಸಿನವರೆಗೆ ಬಂದು ಕಳಿಸಿಕೊಟ್ಟ. ಆ ಫೆಬ್ರವರಿಯಲ್ಲಿ ಮೊದಲ ಸಲ ನಾವು ಸೇರಲಿಲ್ಲ. ಬೋಟಿಗೆ ಹೋಗುವುದುಂಟು ಎಂದು ಒಂದು ಸಾಲು ಕಳಿಸಿದ, ಮಗಳು ಪೋಸ್ಟರ್ ಮಾಡಿಸಲಿಲ್ಲ. ಜುಲೈ ಬಂತು. ಆ ಡ್ರಮ್ಮರನ ನಿಜವಾದ ದಿನ. ಸಂದೇಶ ಬರೆದು, ಅಳಿಸಿ, ಕೊನೆಗೆ ಏನೂ ಹಾಕಲಿಲ್ಲ. ಮರುದಿನದಿಂದ ಗುಂಪಿಗೆ ಬರೆಯುವುದನ್ನೇ ಬಿಟ್ಟೆ. ಅಷ್ಟೊಂದು ಜನ ಸತ್ತವರ, ಕಂಡರಿಯದವರ ಹುಟ್ಟಿದ ದಿನಗಳನ್ನು ಜೋಪಾನ ಮಾಡಿದವನು ಕಣ್ಣೆದುರಿನ ಗೆಳೆಯನಿಗಿದ್ದ ಒಂದೇ ಒಂದನ್ನು ಕಿತ್ತುಕೊಂಡೆನಲ್ಲ.

ಚೌತಿ ಕಳೆದು ಒಂದು ವಾರವಾಗಿರಬೇಕು, ಅವನ ಫೋನು ಬಂತು.

“ನಾಡಿದ್ದು ಅಪ್ಪನ ತಿಥಿ. ನೀವಿಬ್ರೂ ಊಟಕ್ಕೆ ಬನ್ನಿ. ಅವನಿಗೆ ಗಿಟಾರು ತರ್ಲಿಕ್ಕೆ ಹೇಳು.”

“ಗಿಟಾರು ಎಂತಕ್ಕೆ ಮಾರಾಯಾ, ತಿಥಿಗೆ?”

“ಅವತ್ತು ನಂದೂ ಉಂಟಲ್ಲ. ಐವತ್ತು ವರ್ಷ ಆತು, ಯಾರೂ ಬರ್ಲಿಲ್ಲ ಅದಕ್ಕೆ.”

ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಅವನ ತಾಯಿ ತೀರಿಕೊಂಡು ಆರು ವರ್ಷವಾಗಿದೆ. ಆದರೆ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇನ್ನೂ ಇದ್ದಾರೆ. ಎಂಬತ್ತರ ಆಸುಪಾಸು. ಆ ಮನೆಯಲ್ಲಿ ತಿಥಿಯ ದಿನ ಯಾರೂ ಏರಿದ ದನಿಯಲ್ಲಿ ಮಾತಾಡದಂತೆ ನೋಡಿಕೊಂಡವರು ಅವರೇ. ಅಂಥವರ ಎದುರು ಡ್ರಮ್ಮು ಬಾರಿಸುವುದೆಂದರೆ!

ಹೋದೆವು. ಎಡೆ ಇಟ್ಟರು. ಕಾಗೆ ಬೇಗ ಬಂತು. ಎಲ್ಲರೂ ಉಂಡೆವು. ಭಟ್ಕಳದವನು ಹುಳಿ ಜಾಸ್ತಿಯಾದ ಬಂಗಡೆ ಸಾರನ್ನು ಎರಡು ಸಲ ಹಾಕಿಸಿಕೊಂಡ. ಬಿಸಿಲು ಇಳಿಯುವ ಹೊತ್ತಿಗೆ ಇವನು ಹಿಂದಿನ ಕೋಣೆಯಿಂದ ಡ್ರಮ್ಮುಗಳನ್ನು ಒಂದೊಂದಾಗಿ ತಂದು ಅಂಗಳದಲ್ಲಿ ಜೋಡಿಸತೊಡಗಿದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಮಗಳು ಮಾತ್ರ ಒಂದು ಸ್ಟೂಲು ತಂದು ಅಪ್ಪನ ಹಿಂದೆ ಇಟ್ಟಳು.

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅತ್ತೆಯ ಕೈ ನಿಂತಿತು. “ಎಂತದಾ ಅದು? ಇಂದು ಅಪ್ಪನ ದಿನ ಅಲ್ಲನಾ?”

“ಹೌದು ಅತ್ತೆ.” ಅವನು ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತ. ಐವತ್ತರ ಗಂಡಸು, ತೆರೆಗೆ ಎದೆಕೊಟ್ಟು ಬೋಟು ನಡೆಸುವವನು. “ಇಂದು ನಾ ಹುಟ್ಟಿದ್ದೂ ಹೌದು.”

ಭಟ್ಕಳದವನು ಗಿಟಾರನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಅತ್ತೆ ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು, ಕಂಬ ಹಿಡಿದು ಎದ್ದು, ನಿಧಾನಕ್ಕೆ ಮೆಟ್ಟಿಲಿಳಿದು ಬಂದರು. ಈಗ ಬೈಗುಳ ಬರುತ್ತದೆ, ಎಲ್ಲವನ್ನೂ ಕಟ್ಟಿ ಒಳಗಿಡಬೇಕಾಗುತ್ತದೆ, ಇದಕ್ಕೂ ಕಾರಣ ನಾನೇ ಎಂದುಕೊಂಡೆ.

ಅವರು ಅವನ ಹತ್ತಿರ ನಿಂತು ಅವನ ತಲೆಯ ಮೇಲೆ ಕೈಯಿಟ್ಟರು.

“ಅವತ್ತು ನಿನ್ನ ಮೊದ್ಲು ಎತ್ಕಂಡದ್ದು ನಾನು,” ಎಂದರು. “ಮನೆ ತುಂಬ ಅಳ್ತಿದ್ರು. ನಿನ್ನ ಅಬ್ಬೆ ಮಧ್ಯಾಹ್ನದಿಂದ ಒಂದೇ ಸಮ ಬೊಬ್ಬೆ ಹೊಡೀತಾ ಇದ್ಲು, ಯಾರು ಹೇಳಿದ್ರೂ ಕೇಳ್ಲಿಲ್ಲ. ಸಂಜೆಗೆ ನೀ ಹುಟ್ಟಿ ಕೂಗ್ದೆ ನೋಡು, ಹೆಂಗೆ ಕೂಗ್ದೆ, ಕೇರಿಗೆಲ್ಲ ಕೇಳ್ತು. ನಿನ್ನ ಅಳು ಕೇಳಿ ಅವ್ಳು ಅಳುದು ನಿಲ್ಸಿದ್ಲು.”

ಅವನು ತಲೆ ಎತ್ತಲಿಲ್ಲ. ಭುಜ ಅಲುಗುತ್ತಿತ್ತು. ನನಗೂ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಮಗಳು ತಂದಿಟ್ಟ ಸ್ಟೂಲನ್ನು ಅತ್ತೆ ಕಾಲಿನಿಂದ ಅವನ ಕಡೆ ತಳ್ಳಿದರು.

“ಕೂತ್ಕ. ಬಾರಿಸುದಾದ್ರೆ ಜೋರಾಗಿ ಬಾರಿಸು. ಸಣ್ಣಕೆ ಬಾರಿಸ್ಬೇಡ.”