ಕಂಡಕ್ಟರಮ್ಮನ ಗಂಧೆ, ಕಂಡಕ್ಟರಮ್ಮನ ದನಿ

ನಮ್ಮ ಕಂಡಕ್ಟರಮ್ಮ ‘ರೈಟ್’ ಎಂದು ಕೂಗಿದರೆ ಅವರ ಕುತ್ತಿಗೆಯ ಎರಡೂ ನರಗಳು ಬಾವಿಹಗ್ಗದ ಹಾಗೆ ಬಿಗಿದು ನಿಲ್ಲುತ್ತಿದ್ದವು. ಸೀಟಿ ಜೇಬಿನಲ್ಲೇ ಇರುತ್ತಿತ್ತು, ಅದನ್ನು ಅವರು ಊದಿದ್ದು ನಾನು ಕಂಡಿಲ್ಲ. “ಬಾಯಿ ಇರೋವಾಗ ಪೀಪಿ ಯಾಕ್ರೀ?” ಎನ್ನುತ್ತಿದ್ದರು. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು “ಬೀರೂರು, ತರೀಕೆರೆ, ಲಿಂಗದಳ್ಳೀ!” ಎಂದರೆ ರೈಲಿಳಿದು ಬರುತ್ತಿದ್ದವರು ಗಂಟುಮೂಟೆ ಎತ್ತಿಕೊಂಡು ಓಡತೊಡಗುತ್ತಿದ್ದರು.

ನಾನು ಲಿಂಗದಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವರ್ಷಗಟ್ಟಲೆ ಅದೇ ಬೆಳಗಿನ ಬಸ್ಸಿನಲ್ಲಿ ಹೋಗಿ ಬಂದವಳು. ಆ ದಾರಿಗೆ ಬಂದ ಮೊದಲ ಹೆಂಗಸು ಕಂಡಕ್ಟರ್ ಅವರೇ. “ಎಷ್ಟು ದಿನ ನೋಡೋಣ” ಎಂದು ಮೀಸೆಯಡಿ ನಕ್ಕವರಿಗೆ ಲೆಕ್ಕವಿಲ್ಲ. ಅವರನ್ನೆಲ್ಲ ಒಳಗೆ ನೂಕಿ, ಜಾಗ ಮಾಡಿಸಿ, ಟಿಕೆಟ್ ಕೈಗಿಟ್ಟು ರೈಟ್ ಅಂದುಬಿಟ್ಟರು ಈಯಮ್ಮ. ಏನು ಮುಗಿದರೂ ಅವರ ಬಾಯಲ್ಲಿ ಅದೇ ಮಾತು. ಟೀ ಕುಡಿದು ಲೋಟ ಇಟ್ಟರೂ ರೈಟ್, ಕೂರುವ ಜಾಗಕ್ಕೆ ಕಿತ್ತಾಡುವವರನ್ನು ಬಿಡಿಸಿದರೂ ರೈಟ್.

ಅಂಥವರಿಗೆ ಒಂದು ಬೇಸಿಗೆಯಲ್ಲಿ ಗಂಧೆ ಹತ್ತಿಕೊಂಡಿತು. ತೋಳಿನ ಮೇಲೆ ಸೊಳ್ಳೆ ಕಚ್ಚಿದಂತೆ ಕೆಂಪಗೆ ಏಳುತ್ತಿತ್ತು, ನೋಡನೋಡುತ್ತ ಒಂದಕ್ಕೊಂದು ಕೂಡಿಕೊಂಡು ಅಂಗೈಯಗಲ ಆಗುತ್ತಿತ್ತು. ಬೆಳಿಗ್ಗೆ ಕೈಮೇಲೆ ಇದ್ದದ್ದು ಸಂಜೆಗೆ ಮಾಯ, ಆದರೆ ಅಷ್ಟು ಹೊತ್ತಿಗೆ ಬೆನ್ನಲ್ಲಿ ಹೊಸದು. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದು ಕೈಯಲ್ಲಿ ಕೆರೆತ.

ಬಸ್ಸಿಗೆ ಬಸ್ಸೇ ವೈದ್ಯರಾಯಿತು! ಬೀರೂರಿನಲ್ಲಿ ಹತ್ತುವ ಒಬ್ಬ ಅಜ್ಜಿ, “ಪಿತ್ತ ಕಣವ್ವ, ಮದ್ಲು ಬದ್ನೇಕಾಯಿ ಬಿಟ್ಬಿಡು” ಎಂದಿತು. ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಕಡಲೇಕಾಯಿ ನಂಜು ಎಂದರು. ಕುರಿ ಕಾಯುವ ಹಿರಿಯರೊಬ್ಬರು ಹೆಗಲ ಮೇಲಿದ್ದ ಕಂಬಳಿ ಕೊಟ್ಟು, “ಇದ್ರಲ್ಲಿ ಉಜ್ಕಳಮ್ಮ, ಓಡೋಯ್ತದೆ” ಎಂದರು. ಉಜ್ಜಿಕೊಂಡರು, ಇನ್ನಷ್ಟು ಎದ್ದಿತು. ಲಿಂಗದಹಳ್ಳಿಯ ಹೆಂಗಸರು ಕಟ್ಟುಗಟ್ಟಲೆ ದೊಡ್ಡಪತ್ರೆ ತಂದುಕೊಟ್ಟರು. ಇವರು ಯಾರ ಮಾತನ್ನೂ ತೆಗೆದುಹಾಕಲಿಲ್ಲ. ಬದನೆ ಹೋಯಿತು, ಕಡಲೇಕಾಯಿ ಹೋಯಿತು, ಹುಣಿಸೆ ಹೋಯಿತು, ಕೊನೆಗೆ ಯಾರದೋ ಮಾತಿಗೆ ತೆಂಗಿನಕಾಯಿಯೂ ಹೋಯಿತು. ಕಡೂರು ಸೀಮೆಯ ಹೆಂಗಸು ಕಾಯಿಯನ್ನೇ ಹಾಕದ ಸಾರು ಉಣ್ಣುವುದೆಂದರೆ ಏನು ಹೇಳೋಣ! ಡಬ್ಬಿ ತೆಗೆದರೆ ಬರೀ ಗಂಜಿ. ಗಂಧೆ ಮಾತ್ರ ತಪ್ಪದೆ ಬರುತ್ತಿತ್ತು.

ಅದರ ಜೊತೆಗೆ ದನಿಯೂ ಒಡೆಯಿತು. ಕಡೂರನ್ನು ಎಬ್ಬಿಸುತ್ತಿದ್ದ ಗಂಟಲು ಗೊರಗೊರ ಎನ್ನತೊಡಗಿತು. ಡ್ರೈವರಣ್ಣ ಮೂರು ಮೂರು ಸಲ ಹಿಂದೆ ತಿರುಗಿ, “ರೈಟ್ ಅಂದ್ರಾ ಅಕ್ಕಾ?” ಎಂದು ಕೇಳುವಂತಾಯಿತು. ಕೂಗಿ ಕೂಗಿ ಹೀಗಾಯಿತು ಎಂದೆವು. ಸುಸ್ತು ಎಂದರು, ನಿಂತು ನಿಂತು ಎಂದೆವು. ಬೆರಳು ಊದಿ ಉಂಗುರ ಬಿಗಿಯಾಯಿತು, ಮೆಷಿನ್ ಹಿಡಿದು ಹಿಡಿದು ಎಂದೆವು. ಗಂಜಿ ಕುಡಿದೂ ಮೈ ಬಂತು, ಅದಕ್ಕೂ ಏನೋ ಒಂದು ಹೇಳಿದೆವು. ನಮ್ಮ ಬಸ್ಸಿನಲ್ಲಿ ಎಲ್ಲದಕ್ಕೂ ಉತ್ತರ ತಯಾರಿತ್ತು.

ಒಂದು ಬೆಳಿಗ್ಗೆ ಬೀರೂರು ದಾಟುತ್ತಿದ್ದಂತೆ ಅವರ ತುಟಿ ಊದತೊಡಗಿತು. ಟಿಕೆಟ್ ಕೇಳಲು ಬಾಯಿ ತೆರೆದರೆ ಮಾತೇ ಹೊರಡದು. ಡ್ರೈವರಣ್ಣ ಎಲ್ಲೂ ನಿಲ್ಲಿಸದೆ ಬಸ್ಸನ್ನು ತರೀಕೆರೆ ಆಸ್ಪತ್ರೆಯ ಬಾಗಿಲಿಗೇ ಒಯ್ದರು. ಸೂಜಿ ಚುಚ್ಚಿದ ಮೇಲೆ ಊತ ಇಳಿಯಿತು. ಆದರೆ ಡಿಪೋದಲ್ಲಿ ಸಾಹೇಬರು ಕರೆದು, “ಇನ್ನೊಂದ್ಸಲ ಹೀಗಾದ್ರೆ ಬಸ್ಸಿಗೆ ಕಳ್ಸಕ್ಕಾಗಲ್ಲಮ್ಮ, ಆಫೀಸಲ್ಲಿ ಕೂರ್ಬೇಕಾಗುತ್ತೆ” ಎಂದರು. ಅವರು ಹೇಳಿದ್ದು ಕಾಳಜಿಯಿಂದಲೇ. ಯಾವತ್ತೂ ಅಳದ ಹೆಂಗಸು ಅಂದು ನನ್ನ ಪಕ್ಕ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

“ಟೇಬಲ್ ಮುಂದೆ ಕೂರ್ಸಿದ್ರೆ ನಾನು ಬದುಕಲ್ಲ ಕಣ್ರೀ ಮೇಡಂ. ‘ಎಷ್ಟು ದಿನ ನೋಡೋಣ’ ಅಂದಿದ್ರಲ್ಲ, ಅವರೆಲ್ಲ ಗೆದ್ಬಿಡ್ತಾರೆ.”

ನನಗೆ ತಡೆಯಲಾಗಲಿಲ್ಲ. “ಏಳ್ರೀ, ಈ ಬಸ್ಸಿನ ಡಾಕ್ಟರುಗಳ ಸಹವಾಸ ಸಾಕು” ಎಂದು, ಅವರ ರಜೆಯ ದಿನ ನಾನೂ ರಜೆ ಹಾಕಿ ತರೀಕೆರೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅಲ್ಲಿ ಕಂಡಕ್ಟರಮ್ಮ ತಾವು ಬಿಟ್ಟ ತರಕಾರಿಗಳ ಹೆಸರನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ಡಾಕ್ಟರಮ್ಮ ಕೈ ಅಡ್ಡ ಹಿಡಿದರು.

“ತಿಂದಿದ್ದು ಆಮೇಲೆ ಹೇಳಿ. ದನಿ ಯಾವಾಗಿಂದ ಹೀಗಿದೆ?”

“ಅದಾ, ಕೂಗಿ ಕೂಗಿ ಡಾಕ್ಟ್ರೇ. ನಮ್ಮ ಕೆಲ್ಸಾನೇ ಅಂಥದ್ದು.”

“ಕೂಗೋದು ಈಗ ಹೊಸದಾಗಿ ಶುರು ಮಾಡಿದ್ರಾ?”

ಕಂಡಕ್ಟರಮ್ಮ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹೌದಲ್ಲ, ಅಷ್ಟು ವರ್ಷ ಕೂಗಿದಾಗ ಏನೂ ಆಗದ ಗಂಟಲು ಅದು! ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿದರು, ಬೆರಳು ಒತ್ತಿ ನೋಡಿದರು, ರಕ್ತ ಪರೀಕ್ಷೆಗೆ ಬರೆದರು.

ರಿಪೋರ್ಟ್ ಬಂದು ನೋಡಿದರೆ ಥೈರಾಯ್ಡ್ ತೀರಾ ಇಳಿದುಹೋಗಿತ್ತು. “ನೋಡಿ, ರೋಗ ಬರದ ಹಾಗೆ ಮೈ ಕಾಯೋ ಕಾವಲಿನವರೇ ದಾರಿ ತಪ್ಪಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಮೇಲೆ ಬಿದ್ದಿದ್ದಾರೆ. ಹಾಗಾದಾಗ ಕೆಲವರಿಗೆ ಚರ್ಮದಲ್ಲೂ ಗಲಾಟೆ ಶುರುವಾಗುತ್ತೆ, ಹೊರಗಿನದು ಏನೂ ತಾಗದೆ ಗಂಧೆ ಏಳುತ್ತೆ. ಪಾಪ, ಬದನೆಕಾಯಿದು ಏನೂ ತಪ್ಪಿಲ್ಲ” ಎಂದರು ಡಾಕ್ಟರಮ್ಮ.

“ಅಂದ್ರೆ ಚೆಕಿಂಗ್‌ನೋರು ಟಿಕೆಟ್ ತಗೊಂಡೋರ್ನೇ ಹಿಡ್ದು ಇಳ್ಸಿದಂಗೆ!” ಎಂದರು ಕಂಡಕ್ಟರಮ್ಮ. ಡಾಕ್ಟರಮ್ಮ ನಕ್ಕುಬಿಟ್ಟರು. ಆದರೆ ಸುಳ್ಳು ಭರವಸೆ ಕೊಡಲಿಲ್ಲ. ದನಿ, ಸುಸ್ತು ಸರಿಹೋಗುತ್ತದೆ, ಗಂಧೆ ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಇಲ್ಲ, ಕಾದು ನೋಡಬೇಕು ಎಂದರು. ಥೈರಾಯ್ಡ್ ಮಾತ್ರೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಜೊತೆಗೆ ಕೆಲವು ತಿಂಗಳು ನಿದ್ದೆ ಬರಿಸದ ಅಲರ್ಜಿ ಮಾತ್ರೆ.

ಕಾದೆವು. ಡಿಪೋದವರೂ ಕಾದರು. ಗಂಧೆ ಒಮ್ಮೆಗೇ ಹೋಗಲಿಲ್ಲ, ವಾರ ಬಿಟ್ಟು ಬರತೊಡಗಿತು, ಆಮೇಲೆ ತಿಂಗಳು ಬಿಟ್ಟು. ಆಮೇಲೊಂದು ಬೆಳಿಗ್ಗೆ ನಾನು ಕಡೂರು ಬಸ್‌ಸ್ಟ್ಯಾಂಡಿನ ಹೊರಗೆ ಟೀ ಕುಡಿಯುತ್ತಿದ್ದೆ.

“ಬೀರೂರು, ತರೀಕೆರೆ, ಲಿಂಗದಳ್ಳೀ!”

ಅರ್ಧ ಟೀ ಸೀರೆಯ ಮೇಲೆ ಚೆಲ್ಲಿತು. ಚೆಲ್ಲಲಿ ಬಿಡಿ! ಲೋಟ ಇಟ್ಟು ಓಡಿದೆ. ಕುತ್ತಿಗೆಯ ಎರಡು ನರಗಳೂ ಬಿಗಿದು ನಿಂತಿದ್ದವು. ಡ್ರೈವರಣ್ಣ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದರು.

ಗಂಧೆಯ ಸುಳಿವೇ ಇಲ್ಲದೆ ಒಂದು ಮಳೆಗಾಲ ಕಳೆದ ಮೇಲೆ ಅವರು ಬಸ್ಸಿನ ಮಧ್ಯೆ ನಿಂತು ಸಾರಿದರು. “ಕೇಳ್ರಪ್ಪೋ! ಯಾರ್ಯಾರು ನಂಗೆ ಏನೇನು ಬಿಡ್ಸಿದ್ರೋ, ಅವರವರೇ ನಾಳೆ ತಂದು ತಿನ್ನಿಸ್ಬೇಕು. ಡಾಕ್ಟ್ರು ತಿನ್ನು ಅಂದವ್ರೆ.”

ಮರುದಿನ ಬಸ್ಸಿಗೆ ಮದುವೆಮನೆಯ ವಾಸನೆ. ಅಜ್ಜಿ ಬದನೆಕಾಯಿ ಎಣ್ಣೆಗಾಯಿ ಮಾಡಿ ತಂದಿತ್ತು. ಕೊಬ್ಬರಿ ಯಜಮಾನರು ಹುರಿದ ಕಡಲೇಕಾಯಿ ಜೇಬಿನಿಂದ ತೆಗೆದು ನಾಚಿಕೊಂಡೇ ಕೊಟ್ಟರು. ತೆಂಗಿನಕಾಯಿ ಬಿಡಿಸಿದವರು ಯಾರೋ ತಿಳಿಯಲೇ ಇಲ್ಲ, ಕಾಯಿ ಹೋಳಿಗೆಯನ್ನು ನಾಲ್ಕು ಜನ ತಂದಿದ್ದರು. ಲಿಂಗದಹಳ್ಳಿಯಲ್ಲಿ ಬಸ್ಸು ನಿಂತ ಮೇಲೂ ಒಬ್ಬರೂ ಇಳಿಯಲಿಲ್ಲ. ಅವರು ತಿನ್ನುತ್ತಿದ್ದರೆ ಎಲ್ಲರ ಕಣ್ಣೂ ಅವರ ತೋಳಿನ ಮೇಲೆ. ತಟ್ಟೆ ಖಾಲಿಯಾಯಿತು, ತೋಳು ತೋಳಿನಂತೆಯೇ ಇತ್ತು. ಅವರು ಕೈ ತೊಳೆದು ಬಸ್ಸು ಅದುರುವಂತೆ “ರೈಟ್!” ಎಂದರು. ಆ ಅಜ್ಜಿ ಚಪ್ಪಾಳೆ ತಟ್ಟಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹೆಂಗಸರಿಗೆ ಬಸ್ಸು ಫ್ರೀ ಆಗಿ ಕಾಲಿಡಲು ಜಾಗವಿಲ್ಲದ ಕಾಲದಲ್ಲೂ ಆ ದನಿ ಹಿಂದಿನ ಸೀಟಿನವರೆಗೆ ಮುಟ್ಟುತ್ತಿತ್ತು. ಹೋದ ವರ್ಷ ಅವರು ನಿವೃತ್ತರಾದರು. ಯಾವ ಟೇಬಲ್ಲಿನಿಂದಲೂ ಎದ್ದು ಹೋಗಲಿಲ್ಲ, ಬಸ್ಸಿನಿಂದಲೇ ಇಳಿದು ಹೋದರು.

ಅದಕ್ಕೆ ಸ್ವಲ್ಪ ಮೊದಲು ನನ್ನ ಅಮ್ಮನನ್ನು ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಅಮ್ಮ ನನ್ನ ಮನೆಯಲ್ಲೇ ಇದ್ದಾಳೆ. ಆಗ ಸದಾ ಮಂಕು, ಗೊಗ್ಗರು ದನಿ. ಕಂಡಕ್ಟರಮ್ಮ ಟಿಕೆಟ್ ಕೊಡುತ್ತ ನಿಂತುಬಿಟ್ಟರು.

“ಅಮ್ಮಾ, ದನಿ ಯಾವಾಗಿಂದ ಹಿಂಗೆ?”

“ವಯಸ್ಸಾಯ್ತಲ್ಲವ್ವ.”

“ವಯಸ್ಸು ಈಗ ಹೊಸದಾಗಿ ಬಂತಾ? ಮೇಡಂ, ನಾಳೇನೇ ರಕ್ತ ಕೊಡ್ಸಿ.”

ಕೊಡಿಸಿದೆ. ಅಮ್ಮನದೂ ಥೈರಾಯ್ಡೇ. ಆ ಋಣ ನಾನು ಎಲ್ಲಿ ತೀರಿಸಲಿ? ಈಗ ಅಮ್ಮ ಹಿತ್ತಲಲ್ಲಿ ನಿಂತು ನನ್ನ ಹೆಸರು ಕೂಗಿದರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ದಿನಾ ಬೆಳಿಗ್ಗೆ ಮಾತ್ರೆ ನುಂಗಿ, ನೀರು ಕುಡಿದು, ಲೋಟವನ್ನು ಠಣ್ಣೆಂದು ಇಟ್ಟು ಹೇಳುತ್ತಾಳೆ: “ರೈಟ್!”